ಎರಡನೇ ಸಲದ ಹತ್ತು ರೂಪಾಯಿ

ಬೆಳಿಗ್ಗೆ ಹತ್ತಕ್ಕೆ ಮುಕ್ತಾ ಗಾಂಧಿ ಬಜಾರಿಗೆ ಹೊರಡುತ್ತಾಳೆ,
ಹೆಗಲಿಗೆ ರೆಕ್ಸಿನ್ ಚೀಲ, ಕೈಯಲ್ಲಿ ನೋಟುಬುಕ್ಕು.
ಸೊಸೈಟಿಯವರು ಮೆಷಿನ್ನು ವಾಪಸು ತಗೊಂಡು
ಬರುವ ಯುಗಾದಿಗೆ ಎರಡು ವರ್ಷ.
ಅದನ್ನವಳಿಗೆ ನಾಲ್ಕು ಸಲ ಹೇಳಿದ್ದೇನೆ.
ನಾಲ್ಕು ಸಲವೂ ಅವಳು ಅತ್ತದ್ದು ಮೊದಲ ಸಲ.
ಐದನೇ ಸಲ ಹೇಳಲಿಲ್ಲ.

ನೂರ ಹದಿನೆಂಟು ಪಿಗ್ಮಿ ಖಾತೆ ಅವಳ ಬಾಯಲ್ಲಿದ್ದವು.
ಬಳೆ ಅಂಗಡಿ ದಸ್ತಗೀರ್ ಸಾಬರು ಇಪ್ಪತ್ತಾರು,
ಪಾತ್ರೆ ಅಂಗಡಿ ನೇಮಿರಾಜಯ್ಯ ನಲವತ್ತೊಂದು,
ಯಾರು ಯಾವ ವಾರ ಕಟ್ಟಲಿಲ್ಲ, ಯಾಕೆ,
ಯಾರ ಮಗಳ ಬಾಣಂತನಕ್ಕೆ ಮಧ್ಯದಲ್ಲೇ ಮುರಿಸಿದರು,
ಎಲ್ಲ ಪುಸ್ತಕ ಬಿಚ್ಚದೆ ಹೇಳುತ್ತಿದ್ದಳು
ನಾನು ಸ್ಕೂಟರಿನ ಕೀಲಿ ಹುಡುಕುತ್ತಿರುವಾಗ.

ಹದಿನಾಲ್ಕು ವರ್ಷದ ಕೆಳಗೆ ಮಣಿಪಾಲದಲ್ಲಿ
ತಲೆಯೊಳಗಿನ ಗೆಡ್ಡೆ ತೆಗೆದು
ಮೂವತ್ತು ದಿನ ಕರೆಂಟು ಕೊಟ್ಟರು.
ನಮ್ಮ ಕಡೆ ಹಾಗೇ ಅನ್ನೋದು, ಕರೆಂಟು ಕೊಡೋದು ಅಂತ.
ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಲಾರಿಗಳ ವೈರಿಂಗ್ ಮಾಡುವ ನನಗೆ
ಆ ಮಾತೇ ಒಂದು ಧೈರ್ಯ: ನನಗೆ ಗೊತ್ತಿರುವ ಕೆಲಸ.
ದಿನಾ ಹನ್ನೊಂದಕ್ಕೆ ಅವಳ ಸರದಿ.
“ಇದೂ ಪಿಗ್ಮಿನೇ ಕಣ್ರೀ” ಅಂದಿದ್ದಳು,
“ದಿನಕ್ಕಿಷ್ಟು ಅಂತ ಕಟ್ಟೋದು.”
ನಕ್ಕಿದ್ದೆವು. ಪಕ್ಕದ ಬೆಂಚಿನವರೂ ನಕ್ಕಿದ್ದರು.

ಗೆಡ್ಡೆ ಹೋಯಿತು. ತಿರುಗಿ ಬರಲಿಲ್ಲ.
ಐದು ವರ್ಷ ತುಂಬಿದಾಗ ಸೊಸೈಟಿಯವರು ಶಾಲು ಹೊದಿಸಿ
ಮೈಕಿನಲ್ಲಿ ‘ಗೆದ್ದು ಬಂದವಳು’ ಅಂದರು.
ಆ ಶಾಲು ಈಗ ಇಸ್ತ್ರಿ ಮೇಜಿನ ಮೇಲಿದೆ.

ಮೊದಲು ಹೋಗಿದ್ದು ಚಿಲ್ಲರೆ.
ಐನೂರಕ್ಕೆ ಎಷ್ಟು ವಾಪಸು ಅಂತ ತಿಳಿಯದೆ
ನೋಟು ಹಿಡಿದು ನಿಂತೇ ಇದ್ದಳಂತೆ.
ಆಮೇಲೆ, ಒಗ್ಗರಣೆಗೆ ಸಾಸಿವೆ ಮೊದಲೋ ಎಣ್ಣೆ ಮೊದಲೋ.
ಆಮೇಲೆ ಸಿಟ್ಟು.
ಅದು ಹೋಗಲಿಲ್ಲ, ಹೊಸದಾಗಿ ಬಂತು.

ಮತ್ತೆ ಮಣಿಪಾಲ. ಹಳೆಯ ಫೈಲು, ಹೊಸ ಡಾಕ್ಟರು,
ನನ್ನ ಮಗಳ ವಯಸ್ಸು.
“ಗೆಡ್ಡೆ ಎಲ್ಲೂ ಇಲ್ಲ” ಅಂದರು. ಕೈ ಮುಗಿಯಲು ಹೋದೆ.
“ತಡೀರಿ. ಮಿದುಳಲ್ಲಿ ವೈರುಗಳಿವೆ ಅಂದ್ಕೊಳ್ಳಿ,
ಅದರ ಮೇಲೊಂದು ಹೊದಿಕೆ...”
ಇನ್ಸುಲೇಶನ್, ಅಂದೆ.
“ಹೂಂ. ಆವತ್ತಿನ ಕರೆಂಟಿಗೆ ಅದು ಸವೀತಾ ಬಂದಿದೆ. ನಿಧಾನಕ್ಕೆ.”

ತಲೆಯಾಡಿಸಿದೆ. ಎಷ್ಟು ಗಾಡಿ ನೋಡಿಲ್ಲ ನಾನು.
ಬೆಂಕಿ ಆರಿಸಿ, ತೊಳೆದು, ಓಡಿಸಿಕೊಂಡು ಹೋಗಿರುತ್ತಾರೆ,
ಎಷ್ಟೋ ವರ್ಷದ ಮೇಲೆ ಒಂದು ಸಂಜೆ
ಹಾರ್ನ್ ಒತ್ತಿದರೆ ವೈಪರ್ ಆಡುತ್ತದೆ.
“ಹೊಸ ವೈರು ಎಳೆಯೋಕೆ ಬರಲ್ವಾ?” ಕೇಳಿಯೂಬಿಟ್ಟೆ.
ಅವರು ಫೈಲಿನ ದಾರ ಕಟ್ಟಿದರು, ಬಿಚ್ಚಿದರು.
ಯಾರನ್ನು ಬೈಯಲಿ?
ಆ ಮೂವತ್ತು ದಿನ ಇಲ್ಲದಿದ್ದರೆ ಈ ಹದಿನಾಲ್ಕು ವರ್ಷ ಇಲ್ಲ.

ಬಜಾರಿನಲ್ಲಿ ಅವಳು ಸುಮ್ಮನೆ ಬಂದು ನಿಲ್ಲುತ್ತಾಳೆ.
“ಇಪ್ಪತ್ತಾರು, ಅಕ್ಕಾ”
ದಸ್ತಗೀರ್ ಸಾಬರು ತಾವೇ ಹೇಳಿ ಹತ್ತು ರೂಪಾಯಿ ಕೊಡುತ್ತಾರೆ.
ಅರ್ಧ ಗಂಟೆಗೆ ಮತ್ತೆ ಬರುತ್ತಾಳೆ.
“ಇಪ್ಪತ್ತಾರು, ಅಕ್ಕಾ.” ಮತ್ತೆ ಹತ್ತು.
ರಾತ್ರಿ ಅವಳು ಮಲಗಿದ ಮೇಲೆ ಚೀಲ ಬರಿದು ಮಾಡಿ
ಬೆಳಿಗ್ಗೆ ಷಟರು ಏಳುವ ಹೊತ್ತಿಗೆ
ಒಂದೊಂದೇ ಅಂಗಡಿಗೆ ವಾಪಸು ಕೊಟ್ಟು ಬರುತ್ತೇನೆ.
ಅವರು ಎಣಿಸುವುದಿಲ್ಲ. ನಾನು ನಿಲ್ಲುವುದಿಲ್ಲ.

ಹೂವಿನ ಸಾಕಮ್ಮ ಮಾತ್ರ ಎರಡನೇ ಸಲದ್ದು ಮುಟ್ಟುವುದಿಲ್ಲ.
“ಮೊದಲನೇದು ಕೊಡು, ಅದು ನಂದು.
ಇನ್ನೊಂದು ಕಟ್ಟಿದ್ದು ಕಟ್ಟಿದ್ದೇ.”
ಯಾವ ಖಾತೆಗೆ ಅಂತ ಕೇಳಿಲ್ಲ.
ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಡುತ್ತಿದ್ದೇನೆ.

ನಿನ್ನೆ ಬಿಸಿಲಲ್ಲಿ ಅಷ್ಟು ದೂರ ನಡೆದು
ಗ್ಯಾರೇಜಿಗೂ ಬಂದಳು. ಗಿರಾಕಿಯನ್ನು ನೋಡುವ ಹಾಗೆ ನೋಡಿ
“ನಿಮ್ಮದು ಎಷ್ಟನೇ ನಂಬರು?”
ಲಾರಿಯ ಕೆಳಗಿಂದ ಎದ್ದು, ಜೇಬು ತಡಕಿ,
ನೂರ ಹತ್ತೊಂಬತ್ತು, ಅಂದೆ.
“ಹೊಸ ಖಾತೆಯಾ?”
ಹೂಂ, ಇವತ್ತೇ.
“ಗ್ರೀಸು ಕೈಯಲ್ಲಿ ನೋಟು ಮುಟ್ಟಬೇಡಿ ಅಂತ
ಎಷ್ಟು ಸಲ ಹೇಳಬೇಕ್ರೀ ನಿಮಗೆ”
ಅಂದವಳೇ, ಹತ್ತರ ನೋಟನ್ನು ಸೆರಗಿಗೆ ಒರೆಸಿ
ಚೀಲಕ್ಕೆ ಹಾಕಿಕೊಂಡು
ಪಕ್ಕದ ಟಯರ್ ಅಂಗಡಿಯ ಕಡೆ ನಡೆದಳು.